ಮತ್ತೆ ಕೇಳದವಳು

ಏನನ್ನಾದರೂ ಕೇಳುವ ಮೊದಲು ಅಲಮೇಲು ಗಂಡನನ್ನು ಓರೆಗಣ್ಣಿನಲ್ಲಿ ನೋಡಿ ತುಟಿ ಕಚ್ಚಿಕೊಳ್ಳುತ್ತಿದ್ದಳು. ಆ ನೋಟಕ್ಕಾಗಿಯೇ ಶಾಮಣ್ಣ ಏನೂ ಅರ್ಥವಾಗದವನಂತೆ ನಟಿಸುತ್ತಿದ್ದ.

೧೯೫೭ರ ಆ ಭಾನುವಾರ ಸಂಜೆಯೂ ಹಾಗೇ ನೋಡಿದಳು. ಮೂರು ತಿಂಗಳ ಮಗಳು ಗೌರಿಯನ್ನು ಎತ್ತಿಕೊಂಡು ಇಬ್ಬರೂ ಜಯನಗರದ ಮನೆಯಿಂದ ಲಾಲ್‌ಬಾಗಿಗೆ ಹೊರಟಿದ್ದರು.

“ಏನೋ ಕೇಳ್ಬೇಕು ಅಂತಿದ್ದೀಯ.”

“ಕೇಳಿದ್ರೆ ಕೊಡ್ತೀರಾ?”

“ಏನು, ಮಲ್ಲಿಗೆ ಹೂವಾ?”

“ನಿಮ್ಮ ತೋಳು. ಇವಳನ್ನ ಸ್ವಲ್ಪ ಎತ್ಕೊಳ್ಳಿ. ಕೈ ಸೋತೋಯ್ತು.”

ಅವನು ನಗುತ್ತ ಮಗುವನ್ನು ತೆಗೆದುಕೊಂಡ. ಗೌರಿ ಅವನ ಕೊರಳಿಗೆ ಮೂಗು ಉಜ್ಜಿದಳು. ಮದುವೆಯಾದ ಮೇಲೆ ಮೊದಲ ಸಲ ಅಲಮೇಲು ಬೀದಿಯಲ್ಲಿ ಅವನ ಪಕ್ಕದಲ್ಲೇ ಹೆಜ್ಜೆ ಹಾಕಿದಳು.

ಸೌತ್ ಎಂಡ್ ಸರ್ಕಲ್ಲಿನಲ್ಲಿ ಸೇತುರಾಮ ಎದುರಾದ. ಒಂದೇ ಬೆಂಚಿನಲ್ಲಿ ಓದಿ ಒಂದೇ ಆಫೀಸು ಸೇರಿದ ಗೆಳೆಯ. ಜೊತೆಗೆ ಆಫೀಸಿನ ಇನ್ನಿಬ್ಬರು.

“ಏನಯ್ಯಾ ಶಾಮಾ, ಆಯಾ ಕೆಲಸಕ್ಕೆ ಸೇರ್ಕೊಂಡ್ಯಾ?”

ಇನ್ನಿಬ್ಬರು ನಕ್ಕರು. ಶಾಮಣ್ಣನೂ ನಕ್ಕ. ನಗುತ್ತಲೇ ಮಗುವನ್ನು ಹೆಂಡತಿಯ ಕೈಗೆ ತುರುಕಿ, “ತಗೋ, ಇದು ನಿನ್ನ ಕೆಲಸ,” ಎಂದು ಗೆಳೆಯರ ಜೊತೆ ಮುಂದೆ ನಡೆದ.

ಮನೆಗೆ ಬಂದ ಮೇಲೆ ಅಲಮೇಲು ಜಗಳವಾಡಲಿಲ್ಲ. “ನಿಮಗೆ ಅವಮಾನ ಆಯ್ತಲ್ಲ. ಇನ್ಮೇಲೆ ಕೇಳಲ್ಲ ಬಿಡಿ,” ಎಂದಳಷ್ಟೆ.

ನಾಳೆ ಸರಿಹೋಗುತ್ತಾಳೆ ಎಂದುಕೊಂಡ. ಅವಳು ಮಾತು ಉಳಿಸಿಕೊಂಡಳು. ಮಗುವಿಗೆ ಜ್ವರ ಬಂದಾಗಲೂ ಒಬ್ಬಳೇ ಎತ್ತಿಕೊಂಡು ಡಾಕ್ಟರ ಹತ್ತಿರ ಹೋದಳು. ಬಿಸಿ ಸಾರು, ಇಸ್ತ್ರಿ ಮಾಡಿದ ಷರ್ಟು, ಯಾವುದಕ್ಕೂ ಕೊರತೆಯಿರಲಿಲ್ಲ. ಆ ಓರೆನೋಟವೊಂದು ಇರಲಿಲ್ಲ. ಅದು ಬೇಕೆಂದು ಬಾಯಿಬಿಟ್ಟು ಹೇಳಲು ಅವನ ಗಂಡಸುತನ ಅಡ್ಡ ಬಂತು. ಹಾಗೇ ಒಂಬತ್ತು ವರ್ಷ ಕಳೆಯಿತು. ಅಪ್ಪ ಬಂದರೆ ಗೌರಿ ಮಾತು ನಿಲ್ಲಿಸಿ ಒಳಕ್ಕೆ ಹೋಗುತ್ತಿದ್ದಳು.

ಆ ವರ್ಷ ಸೇತುರಾಮನ ಹೆಂಡತಿ ಸೀತಮ್ಮ ತೀರಿಕೊಂಡಳು. ಕರ್ಮಗಳೆಲ್ಲ ಮುಗಿದ ಮಧ್ಯಾಹ್ನ ವಿಲ್ಸನ್ ಗಾರ್ಡನ್ನಿನ ಮನೆಯಲ್ಲಿ ಗೆಳೆಯರಿಬ್ಬರೇ ಕೂತಿದ್ದರು.

“ಕಾಯಿಲೆ ಬಿದ್ದ ಮೇಲೆ ಅವಳಿಗೆ ಕೈ ಎತ್ತಕ್ಕೇ ಆಗ್ತಿರ್ಲಿಲ್ಲ ಕಣೋ,” ಎಂದ ಸೇತುರಾಮ. “ನಾಲ್ಕು ವರ್ಷ ನಾನೇ ಜಡೆ ಹಾಕ್ತಿದ್ದೆ. ಬಾಗಿಲು ತಟ್ಟಿದ್ರೆ ಬಾಚಣಿಗೆ ಬಚ್ಚಿಡ್ತಿದ್ದೆ. ನೀನು ಬಂದಾಗ್ಲೂ.”

“ನಂಗೆ ಹೇಳ್ಬಹುದಿತ್ತು.”

“ಹೇಳಿದ್ರೆ ನೀನು ನಗ್ತಿದ್ದೆ. ನಾನು ನಿನ್ನ ನೋಡಿ ನಕ್ಕಿರ್ಲಿಲ್ವಾ?”

ಸೇತುರಾಮ ಮುಖ ತಿರುಗಿಸಿಕೊಂಡು ಅತ್ತ. ಅವನ ಹೆಗಲ ಮೇಲೆ ಕೈಯಿಡಲೂ ಶಾಮಣ್ಣನಿಗೆ ಬರಲಿಲ್ಲ.

ಮನೆಗೆ ಬಂದಾಗ ಅಲಮೇಲು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಎದುರಿಗೆ ಕೂತ.

“ಆವತ್ತು ಸರ್ಕಲ್ಲಿನಲ್ಲಿ ನಾನು ಮಾಡಿದ್ದು ತಪ್ಪು. ಗೌರೀನ ಇನ್ನೂ ದೂರ ಎತ್ಕೊಂಡು ಹೋಗೋ ಆಸೆಯಿತ್ತು ನಂಗೆ.”

ಅವಳ ಕೈ ನಿಂತಿತು. “ಗೊತ್ತು. ಅವಳನ್ನ ಎತ್ಕೊಂಡಾಗ ನಿಮ್ಮ ಮುಖ ನೋಡಿದ್ದೆ. ಅದಕ್ಕೇ ಅಷ್ಟು ನೋವಾಯ್ತು.”

“ಈಗ ಏನಾದ್ರೂ ಕೇಳು. ಏನು ಬೇಕಾದ್ರೂ.”

ಅಲಮೇಲು ತುಂಬ ಹೊತ್ತು ಯೋಚಿಸಿದಳು. “ಏನೂ ಹೊಳೀತಿಲ್ಲ ರೀ,” ಎಂದಳು ಮೆಲ್ಲಗೆ. “ಕೇಳೋ ಅಭ್ಯಾಸವೇ ತಪ್ಪಿಹೋಗಿದೆ.”

ಅವನ ಕಣ್ಣು ತುಂಬಿ ಬಂತು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅವನು ಮುಖ ಮರೆಸಿಕೊಳ್ಳಲಿಲ್ಲ. ಅಲಮೇಲು ಮೊರವನ್ನು ಪಕ್ಕಕ್ಕಿಟ್ಟು, ಅವನು ಅತ್ತು ಮುಗಿಸುವವರೆಗೂ ಜೊತೆಗೆ ಕೂತಿದ್ದಳು.