ಡೈ ಹಾಕುವ ಹೊತ್ತು

"ಡೈ ಹಾಕದ ಸ್ಕ್ಯಾನ್ ನಮಗ ಬ್ಯಾಡ್ರಿ," ಎಂದು ಅವನು ಸಿಟಿ ಸ್ಕ್ಯಾನ್ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ.

ಡಾಕ್ಟರ್ ಕೇತಕಿ ತಲೆ ಎತ್ತಿ ನೋಡಿದಳು. ಅಂಗಿಯ ತೋಳಿಗೆ ಮಸಿ, ಕಣ್ಣಲ್ಲಿ ಜಗಳ. ಹೆಸರು ಗೌರೀಶ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ, ಎರಕ ಹೊಯ್ದ ಕಬ್ಬಿಣದಲ್ಲಿ ಬಿರುಕು ಹುಡುಕುವುದು ಅವನ ಕೆಲಸ. ಆ ಬೆಳಿಗ್ಗೆ ಅವನ ಊರು ಬೀಡಿಯಲ್ಲಿ, ಮನೆಯಂಗಳದಲ್ಲಿ, ಅವನ ತಾಯಿ ಗಂಗಾದೇವಿ ಜಾರಿ ಬಿದ್ದು, ತಲೆಗೆ ಪೆಟ್ಟಾಗಿತ್ತು.

ಕೆಂಪು ಡೈ ಹಚ್ಚದೆ ಕಬ್ಬಿಣದ ಬಿರುಕೇ ಕಾಣುವುದಿಲ್ಲ, ಇನ್ನು ತಲೆಯೊಳಗಿನದು ಹೇಗೆ ಕಂಡೀತು ಎಂಬುದು ಅವನ ವಾದ. ಕೇತಕಿಗೆ ನಗು ಬಂತು, ತಡೆದುಕೊಂಡಳು. ತಡೆದದ್ದನ್ನೂ ಅವನು ಕಂಡ.

"ನಿಮ್ಮ ಕಬ್ಬಿಣದಾಗ ರಕ್ತ ಇರೂದಿಲ್ರಿ," ಎಂದಳು. "ಪೆಟ್ಟು ಬಿದ್ದಾಗ ಮೊದಲ ನೋಡೂದು, ಒಳಗ ರಕ್ತ ಸೋರೇತೇನು ಅಂತ. ಹೊಸಾ ರಕ್ತ ಸ್ಕ್ಯಾನ್‌ನಾಗ ತಾನ ಬೆಳ್ಳಗ ಕಾಣತೈತಿ. ನಾವು ನರಕ್ಕ ಚುಚ್ಚೋ ಡೈನೂ ಬೆಳ್ಳಗ. ಎರಡೂ ಕೂಡಿದ್ರ ಯಾವುದು ಯಾವುದಂತ ಹೆಂಗ ಹೇಳ್ಲಿ?"

ಅವನು ದಾರಿ ಬಿಟ್ಟ. ಡೈ ಇಲ್ಲದೆಯೇ ಸ್ಕ್ಯಾನ್ ಆಯಿತು. ರಕ್ತ ಸೋರಿರಲಿಲ್ಲ.

ಕ್ಷಮೆ ಕೇಳಲು ಬಂದವನು ಅದೊಂದನ್ನು ಬಿಟ್ಟು ಬೇರೆಲ್ಲ ಮಾತಾಡಿದ. ಅವಳ ಕನ್ನಡದಲ್ಲಿ ಮರಾಠಿಯ ಧಾಟಿ ಇದೆ ಎಂದ. ಅವನ ಮರಾಠಿಯಲ್ಲಿ ಯಾವ ಧಾಟಿಯೂ ಇಲ್ಲ ಎಂದಳು ಅವಳು. ಆಮೇಲೆ ರಿಪೋರ್ಟಿನ ಒಂದೊಂದು ಪದದ ಅರ್ಥ ಕೇಳುವ ನೆಪದಲ್ಲಿ ಫೋನ್ ಬರತೊಡಗಿತು. ರಿಪೋರ್ಟು ಅರ್ಧ ಪುಟದ್ದು. ಪದಗಳು ಮುಗಿದವು, ಫೋನು ನಿಲ್ಲಲಿಲ್ಲ.

ದೀಪಾವಳಿ ಕಳೆದ ಮೇಲೆ ಗಂಗಾದೇವಿಗೆ ಜ್ವರ, ತಲೆನೋವು. ಬಹಳ ದಿನದಿಂದ ಸೋರುತ್ತಿದ್ದ ಕಿವಿಯನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ಈಗ ನೀರು ಬೇಕಾದರೆ ಹಗ್ಗ ಕೇಳುತ್ತಿದ್ದಳು. ಮಗನ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ.

ಈ ಸಲ ಡೈ ಹಾಕಲೇಬೇಕೆಂದಳು ಕೇತಕಿ. ಗೌರೀಶ ಮತ್ತೆ ಬಾಗಿಲಿಗೆ ಅಡ್ಡ ನಿಂತ. ಬೇಡವೆಂದು ಕಲಿಸಿದವಳು ಅವಳೇ, ಮೇಲಾಗಿ ಅವ್ವನಿಗೆ ಶುಗರ್, ಕಿಡ್ನಿ ಕೆಟ್ಟರೆ ಏನು ಗತಿ ಎಂದ.

ಅವಳು ಸಿಟ್ಟಾಗಲಿಲ್ಲ. ಕಿಡ್ನಿಯ ರಕ್ತಪರೀಕ್ಷೆ ಆಗಿದೆ, ಸರಿಯಿದೆ. ಔಷಧಿ ಒಗ್ಗದ ತೊಂದರೆಯನ್ನೂ ವಿಚಾರಿಸಿದ್ದೇನೆ ಎಂದಳು. ಅಂದು ಹುಡುಕಿದ್ದು ರಕ್ತ, ಇಂದು ಹುಡುಕುವುದು ಕಿವಿಯಿಂದ ಮಿದುಳಿಗೆ ಹರಡಿರಬಹುದಾದ ಕೀವು. ಕೀವು ಕಟ್ಟಿದ್ದರೆ ಡೈ ಅದರ ಸುತ್ತ ಬಳೆಯಂತೆ ಬೆಳಗುತ್ತದೆ, ಡೈ ಇಲ್ಲದಿದ್ದರೆ ಮಸುಕು ಕಂಡು ಮೋಸ ಹೋಗಬಹುದು ಎಂದು ವಿವರಿಸಿದಳು.

"ನಿಮಗ ಹೆದರಿಕಿ ಆಗೂದಿಲ್ಲೇನ್ರಿ?" ಎಂದ ಅವನು ಮೆಲ್ಲಗೆ.

"ಹೆದರಿಕಿ ನನಗೂ ಐತ್ರಿ. ಅವರು ನನಗ ಬರೇ ಪೇಶಂಟ್ ಆಗಿ ಉಳದಿಲ್ಲ."

ಅವನು ಅವಳ ಮುಖವನ್ನೇ ನೋಡಿದ, ಪಕ್ಕಕ್ಕೆ ಸರಿದ.

ಪರದೆಯ ಮೇಲೆ, ಕಿವಿಯ ಮೇಲ್ಬದಿಯ ಮಿದುಳಿನಲ್ಲಿ, ತೆಳ್ಳನೆಯ ಬಿಳಿ ಬಳೆಯೊಂದು ಹೊಳೆಯಿತು. ಕೇತಕಿ ಸರ್ಜನ್‌ಗೆ ಫೋನ್ ಹಚ್ಚಿದಳು. ಅಂದೇ ಆಪರೇಷನ್ ಮಾಡಿ ಕೀವು ತೆಗೆದರು.

ಮೂರನೆಯ ದಿನ ಗಂಗಾದೇವಿ ಕಣ್ಣು ಬಿಟ್ಟು ಮಗನನ್ನು ದಿಟ್ಟಿಸಿದಳು. "ಗೌರ್ಯಾ, ಗಡ್ಡಾ ಬೋಳಿಸ್ಕೊಂಡು ಬಾರಲೇ. ಡಾಕ್ಟರಮ್ಮ ನೋಡಾಕತ್ತಾರ."

ಒಂದು ಪದವೂ ತಪ್ಪಿರಲಿಲ್ಲ. ಗೌರೀಶ ಗೋಡೆಗೆ ಮುಖ ಮಾಡಿ ಅತ್ತ. ಕೇತಕಿ ಎಲ್ಲರೆದುರಿಗೇ ಅವನ ಬೆನ್ನ ಮೇಲೆ ಕೈಯಿಟ್ಟಳು.

ಡಿಸ್ಚಾರ್ಜಿನ ದಿನ ಗಂಗಾದೇವಿ ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗಿ ಕಾರಿನಲ್ಲಿ ಕುಳಿತಳು. ಗೌರೀಶ ಮೆಟ್ಟಿಲ ಮೇಲೆಯೇ ಉಳಿದ.

"ಇನ್ನ ನಿಮ್ಮನ್ನ ನೋಡಾಕ ಬರಾಕ ನನಗ ಯಾವ ಕಾರಣಾನೂ ಇಲ್ರಿ," ಎಂದ. "ಕಾರಣ ಇಲ್ಲದ ಬರ್ಲೇನು?"

ಕೇತಕಿ ಕೊರಳಿನ ಗುರುತಿನ ಚೀಟಿ ತೆಗೆದು ಕೋಟಿನ ಕಿಸೆಯಲ್ಲಿಟ್ಟಳು. ಕೆನ್ನೆ ಕೆಂಪಾಗಿತ್ತು, ಕಣ್ಣು ಮಾತ್ರ ತಗ್ಗಲಿಲ್ಲ.

"ನೀವು ಬ್ಯಾಡ, ನಾನ ಬರ್ತೀನಿ. ರವಿವಾರ, ನಿಮ್ಮೂರು ಬೀಡಿಗೆ," ಎಂದಳು. "ಅವ್ವನ್ನ ನೋಡಾಕಲ್ಲ."