ಮೊಳೆಗೆ ತೂಗಿದ ಹಂಚು

"ಛಲೋ ಆತು ಬಿಡ್ರಿ. ನಿಮ್ಮ ಊರು, ನಿಮ್ಮ ಮಂದಿ," ಎಂದ ಬಸವಪ್ರಭು. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ ಹೆಂಡತಿಯ ಕೈಗೆ ವಾಪಸು ಕೊಟ್ಟ.

ನರ್ಮದಾ ಅವನ ಮುಖ ನೋಡಿದಳು. ಇನ್ನೊಂದು ಮಾತು ಬರಬಹುದೆಂದು ಕಾದಳು. ಅವನು ಎದ್ದು ಬಾಲ್ಕನಿಯ ಬಟ್ಟೆ ತೆಗೆಯಲು ಹೋದ.

ಅದು ಶುಕ್ರವಾರ ಸಂಜೆ. ಕಾಗದ ಅವಳ ಬ್ಯಾಂಕಿನದು. ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಾಗ, ಪುಣೆಯಲ್ಲಿ ಒಬ್ಬಳೇ ಯಾತಕ್ಕೆ ಎಂದು ಧಾರವಾಡಕ್ಕೆ ವರ್ಗ ಕೇಳಿದ್ದಳು. ಕೇಳಿದ್ದನ್ನು ಮರೆತೂ ಬಿಟ್ಟಿದ್ದಳು. ಆಮೇಲೆ ನಲವತ್ತೊಂದನೆಯ ವಯಸ್ಸಿನಲ್ಲಿ ಬಸವಪ್ರಭುವಿನ ಸಂಬಂಧ ಬಂತು. ಖಡಕಿಯ ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ, ಬೈಲಹೊಂಗಲದ ಕಡೆಯವನು, ಮೊದಲ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ರಜಿಸ್ಟರ್ ಆಫೀಸಿನಲ್ಲಿ ಸಹಿ, ಎರಡು ಹಾರ, ಹೋಟೆಲಿನಲ್ಲಿ ಊಟ. ಐದು ತಿಂಗಳಾಯಿತು. ಈಗ ಹಳೆಯ ಅರ್ಜಿ ಎಚ್ಚೆತ್ತು ಬಾಗಿಲಿಗೆ ಬಂದಿತ್ತು. ಹೋಗುತ್ತೀರೋ ಇಲ್ಲವೋ, ಸೋಮವಾರ ಹನ್ನೊಂದರೊಳಗೆ ತಿಳಿಸಿ.

ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಇರು ಎನ್ನದವರ ಮನೆಯಲ್ಲಿ ಹೇಗೆ ಇರುವುದು?

ಶನಿವಾರ ಬೆಳಿಗ್ಗೆ ಬಸವಪ್ರಭು ಪೂಜೆಗೆ ಕೂತ. ಹಣೆಗೆ ವಿಭೂತಿ, ಹೆಗಲಿಗೆ ಒದ್ದೆ ಟವೆಲು. ಚಹಾದ ಕಪ್ಪು ಹಿಡಿದು ನರ್ಮದಾ ಬಾಗಿಲ ಪಕ್ಕ ನಿಂತಳು. ಅವನು ಪದ್ಯ ಹೇಳುವುದನ್ನು ಹೀಗೆ ಕದ್ದು ಕೇಳುವುದು ಅವಳ ವಾರದ ಸುಖ. ಅವ್ವನೂ ಹೀಗೆಯೇ, ಪುರಾಣದ ಪದ್ಯ ಹೇಳುತ್ತ ಹೇಳುತ್ತ ಮನೆಯ ಕಸ ತೆಗೆಯುತ್ತಿದ್ದಳು. ಪದ್ಯ ಹೇಳುವಾಗ ಬಸವಪ್ರಭುವಿನ ದನಿ ಹೊಳೆಯ ನೀರಿನಂತೆ ಸಲೀಸು. ಮುಗಿಸಿ ಮಾತಿಗೆ ಬಂದನೆಂದರೆ ಒಂದೊಂದು ಶಬ್ದವನ್ನೂ ತಕ್ಕಡಿಗೆ ಹಾಕಿಯೇ ತೆಗೆಯುವವನು.

"ಎಷ್ಟೊತ್ತಾತ್ರಿ ನಿಂತು?"

"ಈಗ ಬಂದೆ," ಎಂದಳು. ಚಹಾ ಆರಿಹೋಗಿತ್ತು. ಅವನು ಹಾಗೆಯೇ ಕುಡಿದ.

ಹತ್ತರ ಹೊತ್ತಿಗೆ ಬಾಲ್ಕನಿಯಲ್ಲಿ ಬಿಸಿಲು ಚಾಪೆ ಹಾಸಿದಂತೆ ಬಿತ್ತು. ಸಂಕ್ರಮಣ ಕಳೆದು ವಾರವಾಗಿತ್ತು. ಬಜಾರಿಗೆ ಹಸಿಕಡಲೆ ಬಂದಿತ್ತು. ಪೇಪರ್ ಹಾಸಿ ಇಬ್ಬರೂ ಸುಲಿಯಲು ಕೂತರು. ನಡುವೆ ಎರಡು ಬಟ್ಟಲು. ಸ್ವಲ್ಪ ಹೊತ್ತಿನಲ್ಲೇ ನರ್ಮದಾಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಅವನು ಸುಲಿದ ದಪ್ಪ ಕಾಳೆಲ್ಲ ಅವಳ ಬಟ್ಟಲಿಗೆ, ಸಣ್ಣವೆಲ್ಲ ಅವನದಕ್ಕೆ.

"ಇದೇನು ಫ್ಯಾಕ್ಟರಿ ಇನ್‌ಸ್ಪೆಕ್ಷನ್ನೇನ್ರಿ?"

"ಕೈಗೆ ಚಟ ಆಗೇದ್ರಿ. ಸಾವಿರ ಪೀಸಿನ್ಯಾಗ ಸೀಳಿದ್ದೊಂದು ಇದ್ರ ಕೈ ತಾನ ತೆಗೀತದ."

"ಮತ್ತ ನನ್ನ ಬಟ್ಟಲಕ್ಕ ಬಂದವು?"

"ಅವು ಪಾಸ್ ಆದವು."

ಅವನು ತಲೆ ಎತ್ತಲಿಲ್ಲ. ಆದರೆ ಕಿವಿಯ ತುದಿ ಕೆಂಪಾದದ್ದು ಬಿಸಿಲಿಗಲ್ಲ ಎಂದು ಅವಳಿಗೆ ಗೊತ್ತಾಯಿತು. ಈಗ ಹೇಳುತ್ತಾನೆ ಎಂದುಕೊಂಡಳು.

"ಧಾರವಾಡದಾಗ ಈಗ ಹಸಿಕಡ್ಲಿ ಇನ್ನೂ ಛಲೋ ಬಂದಿರತಾವು," ಎಂದ ಅವನು.

ನರ್ಮದಾ ಸಿಪ್ಪೆ ಕೊಡವಿ ಎದ್ದಳು.

ಸಂಜೆ ಎದುರು ಮನೆಯ ಹರ್ಷದಾಳ ಹಳದಿ ಕುಂಕುಮ. ಬಾಗಿಲು ತೆರೆದೇ ಇತ್ತು, ಹೆಂಗಸರ ನಗು ಮೆಟ್ಟಿಲಿಗೆಲ್ಲ ಚೆಲ್ಲುತ್ತಿತ್ತು. ಕುಂಕುಮ ಹಚ್ಚಿ, ಎಳ್ಳುಬೆಲ್ಲದ ಉಂಡೆ ಕೊಟ್ಟು ಹರ್ಷದಾ ಹಿಡಿದುಕೊಂಡಳು: "ನರ್ಮದಾ ವಹಿನಿ, ಆತಾ ನಾವ್ ಘ್ಯಾ!"

ಗಂಡನ ಹೆಸರು ಹೇಳಬೇಕು. ಬರೀ ಅಲ್ಲ, ಎರಡು ಸಾಲಿನ ಪದ್ಯ ಕಟ್ಟಿ ಅದರೊಳಗೆ. ಮರಾಠಿಯವರಿಗೆ ಅದು ಉಖಾಣಾ, ನಮ್ಮ ಕಡೆ ಒಡಪು. ಕಂಡವರ ಮದುವೆಗಳಲ್ಲಿ ನರ್ಮದಾ ಎಷ್ಟೋ ವಧುಗಳಿಗೆ ಒಡಪು ಕಟ್ಟಿಕೊಟ್ಟಿದ್ದಳು. ತನ್ನ ಮದುವೆಯಲ್ಲಿ ಮಾತ್ರ ಯಾರೂ ಕೇಳಿರಲಿಲ್ಲ. ರಜಿಸ್ಟರ್ ಆಫೀಸಿನವರಿಗೆ ಸಹಿಯೊಂದು ಸಾಕಿತ್ತು.

ಎಲ್ಲರೂ ಸುಮ್ಮನಾಗಿ ಅವಳ ಬಾಯಿ ನೋಡಿದರು. ಹೋಗುವವಳೋ ಇರುವವಳೋ ಎಂದು ತನಗೇ ತಿಳಿಯದಾಗ ಆ ಹೆಸರನ್ನು ಯಾವ ಬಾಯಿಯಿಂದ ಹೇಳುವುದು?

"ಪುಢಚ್ಯಾ ವರ್ಷೀ," ಎಂದಳು ಹೇಗೋ ನಕ್ಕು. ಬರುವ ವರ್ಷ.

"ವರ್ಷಭರ್ ಥಾಂಬೂ?" ವರ್ಷವಿಡೀ ಕಾಯಲೇ ಎಂದು ಹರ್ಷದಾ ಗೊಳ್ಳೆಂದು ನಕ್ಕಳು.

ತಿರುಗಿ ಮನೆಗೆ ಬಂದಾಗ ಬಸವಪ್ರಭು ಹಳೆಯ ರೇಡಿಯೊ ಬಿಚ್ಚಿಟ್ಟುಕೊಂಡು ಬಾಗಿಲ ಹತ್ತಿರವೇ ಕೂತಿದ್ದ. ಅಲ್ಲಿಗೆ ಎಲ್ಲವೂ ಕೇಳುತ್ತದೆ. ಅವನು ಸ್ಕ್ರೂ ಒಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

ರವಿವಾರ ಬೆಳಿಗ್ಗೆ ನರ್ಮದಾ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮುಗಿಸಿ ಬಂದಳು. ಪಡಸಾಲೆಯ ನಡುವೆ ಸ್ಟೂಲು. ಅಟ್ಟದ ಮೇಲಿದ್ದ ಅವಳ ಟ್ರಂಕು ಕೆಳಗೆ ಇಳಿದಿತ್ತು. ಧೂಳು ಒರೆಸಿತ್ತು. ಅದರ ಮೇಲೆ, ಪೇಪರಿನಲ್ಲಿ ಸುತ್ತಿ ಹುರಿಯಿಂದ ಕಟ್ಟಿದ ಅವಳ ರೊಟ್ಟಿ ಹಂಚು.

"ಒಯ್ಯಾಕ ಬೇಕಾಗತಾವಲ್ರಿ," ಎಂದ ಬಸವಪ್ರಭು. "ನಿಮಗ ಸ್ಟೂಲ್ ಹತ್ತೂದು ತ್ರಾಸು ಅಂತ..."

ಎರಡು ದಿನದಿಂದ ಕಟ್ಟಿಕೊಂಡಿದ್ದ ತಾಳ್ಮೆ ಅಲ್ಲಿಗೆ ಹರಿಯಿತು.

"ನನ್ನ ಕಳಸಾಕ ಎಷ್ಟು ಅವಸರ ರೀ ನಿಮಗ! ನಾ ಹೋಗ್ತೀನಂತ ಹೇಳೀನೇನು?"

ಅವನು ಗಾಬರಿಯಾದ. "ಹೇಳಬೇಕೇನ್ರಿ? ಬಂದ ದಿನಾ ಈ ಹಂಚು ಮ್ಯಾಲ ಹೋತು. ಐದು ತಿಂಗಳಾತು, ಹುರಿ ಬಿಚ್ಚಿಲ್ಲ. ಹಂಚು ಬಿಚ್ಚದಾಕಿ ಮನಿಗೆ ಬಂದಾಳ ಖರೆ, ನಿಂತಿಲ್ಲ. ನಮ್ಮವ್ವನ ಮಾತದು. ನೀವು ಮನಸ್ಸಿನ್ಯಾಗ ಎಂದೋ ಹೊಂಟೀರಿ ಅಂತ ನಾ..."

"ಬಿಚ್ಚಿ ಎಲ್ಲಿ ಇಡ್ಲಿ? ಅಲ್ಲಿ ಕಲ್ಲವ್ವ ಅವರ ಹಂಚು ತೂಗಾಕತ್ತೇದ!"

ಒಲೆಯ ಪಕ್ಕದ ಗೋಡೆಯಲ್ಲಿ, ಮೊಳೆಗೆ, ಬೀಡುಕಬ್ಬಿಣದ ಹಂಚೊಂದು ಒಂಬತ್ತು ವರ್ಷದಿಂದ ತೂಗುತ್ತಿತ್ತು. ಮೊದಲ ಹೆಂಡತಿ ಕಲ್ಲವ್ವನದು. ಬಂದ ದಿನವೇ ನರ್ಮದಾ ಅದನ್ನು ಕಂಡಿದ್ದಳು. ಮುಟ್ಟುವುದಿರಲಿ, ಅದರ ಮುಂದೆ ತನ್ನ ಹಂಚು ಬಿಚ್ಚುವ ಧೈರ್ಯವೂ ಆಗಿರಲಿಲ್ಲ. ಇದು ಇನ್ನೊಬ್ಬಳ ರೊಟ್ಟಿಯ ಜಾಗ ಎಂದು ತಿಳಿದು ಐದು ತಿಂಗಳೂ ಚಪಾತಿ ಲಟ್ಟಿಸಿದ್ದಳು.

ಬಸವಪ್ರಭು ಅವಳನ್ನು ನೋಡಿದ, ಹಂಚನ್ನು ನೋಡಿದ. ನಿಧಾನಕ್ಕೆ ಹೋಗಿ ಮೊಳೆಯಿಂದ ತೆಗೆದು ತಿರುಗಿಸಿ ಹಿಡಿದ. ಅಂಚಿನಿಂದ ನಡುವಿನ ತನಕ ಉದ್ದಕ್ಕೆ ಒಂದು ಸೀಳು.

"ಆಕಿ ಹೋದ ವರ್ಷ ನಾನ ರೊಟ್ಟಿ ಮಾಡಾಕ ಹೋಗಿ, ಕಾದ ಹಂಚಿಗೆ ತಣ್ಣೀರು ಹೊಡದೆ. ಟಕ್ ಅಂತು. ಒಗೀಲಿಕ್ಕೆ ಮನಸ್ಸಾಗಲಿಲ್ಲ. ಸೀಳಿದ್ದು ಕಾಣಬಾರದಂತ ಆ ಬಾಜೂ ಗ್ವಾಡಿಗೆ ತಿರುವಿ ತೂಗಹಾಕಿದೆ."

"ಸಾವಿರದಾಗ ಸೀಳಿದ್ದೊಂದು ಕೈ ತಾನ ತೆಗೀತದ ಅಂದ್ರಿ?"

"ಅದು ಫ್ಯಾಕ್ಟರಿ ಒಳಗ್ರಿ," ಎಂದ, ತಪ್ಪು ಒಪ್ಪಿದ ಹುಡುಗನ ಹಾಗೆ.

ಒಡೆದ ಹಂಚಿಗೆ ತಾನು ಐದು ತಿಂಗಳು ಅಂಜಿದ್ದನ್ನು ನೆನೆದು ನರ್ಮದಾಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ತುಂಬಿತು. ಅವನು ಒಂದು ಸೀಳನ್ನು ಒಂಬತ್ತು ವರ್ಷ ಗೋಡೆಗೆ ಮುಖ ಮಾಡಿಸಿ ಇಟ್ಟಿದ್ದ. ತಾನೂ ಎರಡು ದಿನದಿಂದ ಮನಸ್ಸಿನ ನೋವನ್ನು ಹಾಗೆಯೇ ಮುಚ್ಚಿಟ್ಟಿದ್ದಳಲ್ಲ.

ಟ್ರಂಕಿನ ಹತ್ತಿರ ಕೂತು ಹುರಿಯ ಗಂಟು ಬಿಚ್ಚತೊಡಗಿದಳು.

"ಜ್ವಾಳದ ಹಿಟ್ಟು ಇಲ್ಲಲ್ರಿ ಮನ್ಯಾಗ," ಎಂದಳು ತಲೆ ಎತ್ತದೆ.

ಬಸವಪ್ರಭು ಅಕ್ಕಿ ಡಬ್ಬಿಯ ಹಿಂದೆ ಕೈ ಹಾಕಿ ಹಿಟ್ಟಿನ ಪಾಕೀಟು ತೆಗೆದ.

"ಇದು ಯಾವಾಗಿಂದು?"

"ಪ್ರತಿ ತಿಂಗಳು ಹೊಸಾದು ತರ್ತೀನ್ರಿ. ಈ ತಿಂಗಳು ನೀವು ಬಿಚ್ಚಬಹುದು ಅಂತ. ಹಳೇದು ಹಾಲಿನಾವ್ರ ಆಕಳಿಗೆ."

"ಕೇಳಿದ್ರ ನಾಲಗಿ ಸವೀತಿತ್ತೇನು? ನಮ್ಮ ರೊಟ್ಟಿ ಹಿಟ್ಟು ತಿಂದು ಖಡಕಿ ಆಕಳು ದಪ್ಪ ಆದ್ವು!"

ಅವನು ಮೊದಲ ಸಲ ಬಾಯಿ ತೆರೆದು ನಕ್ಕ.

ಹಂಚಿಗೆ ಎಣ್ಣೆ ಸವರಿ, ಉಳ್ಳಾಗಡ್ಡಿ ತಿಕ್ಕಿ ಕಾಯಲು ಇಟ್ಟಳು. ಹಿಟ್ಟಿಗೆ ಕುದಿನೀರು ಹೊಯ್ದು ನಾದಿದಳು. ಮೊದಲ ಉಂಡೆ ತಟ್ಟುವಾಗ ಅಂಗೈ ಅಂಜುತ್ತಂಜುತ್ತ ಬಿತ್ತು. ಎರಡನೆಯದಕ್ಕೆ ಕೈ ತನ್ನ ತಾಳ ನೆನಪಿಸಿಕೊಂಡಿತು. ಟಪ ಟಪ ಟಪ. ಮನೆಯ ಗೋಡೆಗಳು ಕಿವಿಗೊಟ್ಟು ಕೇಳಿದಂತಾಯಿತು. ಬಸವಪ್ರಭು ಹೊಸ್ತಿಲಲ್ಲಿ ಕೂತಿದ್ದ, ಹರಿಕಥೆಗೆ ಬೇಗ ಬಂದು ಜಾಗ ಹಿಡಿದವನಂತೆ.

ರೊಟ್ಟಿ ಬೆಂಕಿಯ ಮೇಲೆ ಹುಣ್ಣಿಮೆಯಾಗಿ ಉಬ್ಬಿತು. ಅವನ ತಾಟಿಗೆ ಹಾಕಿದಳು. ಅವನು ಮುರಿಯಲಿಲ್ಲ. ಗಂಟಲು ಸರಿಮಾಡಿಕೊಂಡ. ಪೂಜೆಯ ದನಿಯಲ್ಲಿ, ಒಂದೇ ಉಸಿರಿಗೆ ಹೇಳಿದ:

"ಐದು ತಿಂಗಳಾತು, ಚಪಾತಿಗೆ ತುಂಬಲಿಲ್ಲ ಹೊಟ್ಟಿ,
ನರ್ಮದಾ, ನೀ ಇಲ್ಲೇ ಇದ್ದು ಬಡಿ ದಿನಾ ಒಂದು ರೊಟ್ಟಿ."

ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಆ ಹೆಸರು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

"ಯಾವಾಗ ಕಟ್ಟಿದ್ರಿ ಇದನ್ನ?"

"ನಿನ್ನೆ. ಅಲ್ಲಿ ನಿಮ್ಮ ಬಾಯಿ ಕಟ್ಟಿತಲ್ಲ, ಆವಾಗ. ರೇಡಿಯೊ ರಿಪೇರಿ ಆಗಿಲ್ರಿ, ಮೂರು ಸ್ಕ್ರೂ ಉಳದಾವು." ತಾಟಿನಲ್ಲಿ ಬೆರಳಾಡಿಸಿದ. "ಹೇಳೋದು ಬ್ಯಾಡಂತ ಇದ್ದೆ. ನಿಮ್ಮ ಊರಿನ ದಾರಿಗೆ ನಾ ಅಡ್ಡ ಆಗಬಾರದು. ಆದ್ರ ನನಗ... ನೀವಿಲ್ಲದ ಮನಿ ಬ್ಯಾಡ್ರಿ."

ಒಲೆಯ ಉರಿ ತಗ್ಗಿಸುವ ನೆಪದಲ್ಲಿ ನರ್ಮದಾ ಅತ್ತ ತಿರುಗಿದಳು.

"ದಿನಾ ಆಗಂಗಿಲ್ಲ. ನನಗೂ ಬ್ಯಾಂಕ್ ಅದ."

"ದಿನಾ ಅಂದದ್ದು ಪದ್ಯದ ತಾಳ ಕೂಡಲಿ ಅಂತ್ರಿ. ಶನಿವಾರ, ರವಿವಾರ ಅಂತ ತಿದ್ದತೀನಿ."

"ಉಳಿದ ದಿನ?"

"ನಾ ಕಲೀತೀನಿ. ತಣ್ಣೀರು ಹೊಡಿಯಂಗಿಲ್ಲ."

ಉಂಡಾದ ಮೇಲೆ ಅವನು ಸುತ್ತಿಗೆ ತಂದ. ಕಲ್ಲವ್ವನ ಹಂಚು ಎತ್ತಿ ಒಳಗಿಡಲೇ ಎಂದು ಕೇಳಿದ. ನರ್ಮದಾ ಬೇಡವೆಂದಳು. ಸೀಳು ಕಾಣುವಂತೆ ಅದೇ ಮೊಳೆಗೆ ತಾನೇ ತೂಗುಹಾಕಿ, ಪಕ್ಕದಲ್ಲಿ ಒಂದು ಗೇಣು ಬಿಟ್ಟು ಬೆರಳಿಟ್ಟಳು. "ಇಲ್ಲಿ. ನಂದು ಇಲ್ಲಿ."

ಅವನು ಸ್ಕೇಲು ಹಿಡಿದು, ಪೆನ್ಸಿಲಿನಿಂದ ಗುರುತು ಮಾಡಿ, ಮತ್ತೊಮ್ಮೆ ಅಳೆದು ಮೊಳೆ ಹೊಡೆಯತೊಡಗಿದ. ಮೂರನೆಯ ಪೆಟ್ಟಿಗೆ ಬಾಗಿಲ ಬೆಲ್ ಆಯಿತು. ಹರ್ಷದಾ.

"ವಹಿನಿ, ಸಕಾಳಪಾಸೂನ್ ಕಸಲಾ ಆವಾಜ್? ಆಧೀ ಥಪ್ ಥಪ್, ಆತಾ ಠಕ್ ಠಕ್!" ಬೆಳಗಿನಿಂದ ಏನು ಸದ್ದು ಎಂದು ಅವಳ ಪ್ರಶ್ನೆ.

ನರ್ಮದಾಳ ಸೆರಗಿಗೆ ಇನ್ನೂ ಹಿಟ್ಟು ಮೆತ್ತಿತ್ತು. ಸೆರಗು ಸರಿಮಾಡಿಕೊಂಡು ಹೊಸ್ತಿಲ ಮೇಲೆ ನೆಟ್ಟಗೆ ನಿಂತಳು.

"ಪುಢಚ್ಯಾ ವರ್ಷೀ ನಾಹೀ. ಆತಾ ನಾವ್ ಘೇತೇ," ಎಂದಳು. ಬರುವ ವರ್ಷವಲ್ಲ, ಈಗಲೇ ಹೇಳುತ್ತೇನೆ. ಮತ್ತೆ ಕನ್ನಡದಲ್ಲೇ, ಅವ್ವ ಪದ್ಯ ಹೇಳುತ್ತಿದ್ದ ಧಾಟಿಯಲ್ಲಿ:

"ಮುಳಾ ಹೊಳಿಗೆ ದಂಡಿ ಎರಡು, ಹರಿಯೋ ನೀರು ಒಂದು,
ಬಸವಪ್ರಭು ಅವರ ಒಲಿ ಮ್ಯಾಲ ಇಟ್ಟೆ ನನ್ನ ಹಂಚು ತಂದು."

ಹರ್ಷದಾಳಿಗೆ ಅದರಲ್ಲಿ ಅರ್ಥವಾದದ್ದು ಪುಣೆಯ ಮುಳಾ ಹೊಳೆಯ ಹೆಸರು, ಗಂಡನ ಹೆಸರು, ಅಷ್ಟೇ. ಅದು ಸಾಕಾಗಿ ಅವಳು ಚಪ್ಪಾಳೆ ಹೊಡೆದಳು.

ಒಳಗೆ ಸುತ್ತಿಗೆಯ ಸದ್ದು ನಿಂತಿತ್ತು.