ಗೇಟಿನಾಚೆಯ ಕನಕರಾಜ

"ಒಳಗ ಬರ್ರಿ..."

ಅಷ್ಟು ಹೇಳುವಷ್ಟರಲ್ಲಿ ಸುಕನ್ಯಾಳ ಬಾಯಿ ಒಣಗಿತ್ತು. ಎದುರುಮನೆಗೆ ಹೊಸದಾಗಿ ಬಂದ ಕುಟುಂಬದ ಮಗ ಕನಕರಾಜ ಗೇಟಿನ ಹೊರಗೆ ನಿಂತು ನೀರು ಕೇಳಿದ್ದ.

"ಬ್ಯಾಡ್ರಿ! ನಾನಿಲ್ಲೇ ಇರ್ತೀನಿ!" ಎಂದವನೇ ಹಿಂದೆ ಸರಿದ. ಆದರೆ ಆ ಕಣ್ಣುಗಳು... ಅವು ಅವಳನ್ನು ಬಿಟ್ಟು ಸರಿಯಲೇ ಇಲ್ಲ.

ಅವನು ದಾವಣಗೆರೆಯ ಲ್ಯಾಬೊಂದರಲ್ಲಿ ಕ್ಯಾನ್ಸರ್ ಸಂಶೋಧನೆ ಮಾಡುತ್ತಿದ್ದ. ಪ್ರತಿ ಭಾನುವಾರ ಕೂಡ್ಲಿಗಿಗೆ ಬಂದಾಗ ಗೇಟಿನಾಚೆಯೇ ನಿಂತು ಹೊತ್ತು ಹೋಗುವವರೆಗೆ ಅವಳೊಂದಿಗೆ ಮಾತಾಡುತ್ತಿದ್ದ. ಒಳಗೆ ಮಾತ್ರ... ಊಹುಂ.

ಆದರೆ ಅದೇ ಲ್ಯಾಬಿನಲ್ಲಿ ಕೆಲಸ ಮಾಡುವ, ಇದೇ ಓಣಿಯ ರೇಖಾಳ ಮನೆಗೆ? ಚಪ್ಪಲಿ ಬಿಟ್ಟು ನೇರ ಒಳಗೆ! ಮಂಡಕ್ಕಿ ಮಿರ್ಚಿ, ನಗು, ಹರಟೆ... ಆ ನಗು ಕಿವಿಗೆ ಬಿದ್ದಾಗಲೆಲ್ಲ ಸುಕನ್ಯಾಳ ಹೊಟ್ಟೆ ಉರಿಯುತ್ತಿತ್ತು.

'ಕೋಳಿ ಸಾಕೋರ ಮನಿ ಅಂತ ಹೇಸಿಗಿ ಅವ್ನಿಗೆ...'

ಅವ್ವ ಹೊನ್ನೂರಮ್ಮ ಹಿತ್ತಲಿನ ನಾಟಿ ಕೋಳಿಗಳನ್ನು ನಂಬಿಯೇ ಮಗಳಿಗೆ ಡಿಗ್ರಿ ಓದಿಸಿದ್ದಳು. ಈಗ ಕೊಟ್ಟೂರಿನಿಂದ ಸಂಬಂಧ ಬಂದಿತ್ತು.

"ಇವತ್ತ ಸಂಜಿಗೆ ಫೋನ್ ಮಾಡ್ತಾರ. ಹೂಂ ಅನ್ಲೇನವಾ?"

ಸುಕನ್ಯಾ ಗೇಟಿನ ಕಡೆ ನೋಡಿದಳು.

ಸಂಜೆ ಕನಕರಾಜ ಬಂದ, ರೇಖಾಳ ಮನೆಯಿಂದಲೇ!

"ಮಿರ್ಚಿ ಚಲೋ ಇದ್ವೇನ್ರಿ?"

"ಯಾಕ್ರೀ, ಇಷ್ಟು ಸಿಟ್ಟು?"

"ಅಕಿ ಮನಿ ಆಗ್ತೈತಿ, ನಮ್ ಮನಿ ಆಗಲ್ಲ! ಕೊಟ್ಟೂರಿನವ್ರು ನನ್ನ ಕೇಳ್ಯಾರ. ಅವ್ರಾದ್ರೂ ಒಳಗ ಬರ್ತಾರ!"

ಅವನ ಮುಖ ಬಿಳಿಚಿತು.

"ಸುಕನ್ಯಾ... ನಾವು ಲ್ಯಾಬಿನಾಗ ಬೆಳೆಸೋದು ಕೊಕ್ಕರೆ ರೋಗದ ವೈರಸ್ಸು."

ಸುಕನ್ಯಾ ಹಿತ್ತಲಿನ ಕಡೆ ತಿರುಗಿ ನೋಡಿದಳು. ಹಿತ್ತಲಿನ ಕೋಳಿಗಳನ್ನೆಲ್ಲ ಒಮ್ಮೆಲೇ ಮಲಗಿಸುವ ರೋಗವದು!

"ಅದನ್ನ ಕ್ಯಾನ್ಸರ್ ಗಡ್ಡಿ ಕೋಶದಾಗ ಬೆಳೆಸ್ತೀವಿ. ಹೊರಗ ಬರೋವಾಗ ಗಡ್ಡಿ ಗುರುತು ಮೈಮ್ಯಾಲ ಹೊತ್ಕೊಂಡು ಬರ್ತೈತಿ. ಆಮ್ಯಾಲ ಅದೇ ಗಡ್ಡಿ ಇರೋ ಇಲಿ ಮೈಯಾಗ ಬಿಟ್ರ, ವೈರಸ್ಸಿನ ಮ್ಯಾಲ ಎದ್ದ ರೋಗನಿರೋಧಕ ಶಕ್ತಿ ಆ ಗುರುತನ್ನೂ ಹಿಡೀತೈತಿ. ಅಲ್ಲಿತನಕ ಸುಮ್ನ ಬಿಟ್ಟಿದ್ದ ಗಡ್ಡಿ ಮ್ಯಾಲೂ ಬೀಳ್ತೈತಿ. ಮನುಷ್ಯಾರಿಗೆ ಔಷಧ ಆಗೋದು ಇನ್ನೂ ದೂರ ಐತಿ... ಆದ್ರ ವೈರಸ್ಸು ಬಟ್ಟಿ, ಚಪ್ಪಲಿಗೆ ಅಂಟ್ಕೊಂಡು ಬರಬಹುದು, ಅದಕ್ಕ ಅದನ್ನ ಮುಟ್ಟೋರು ಕೋಳಿ ಇರೋ ಮನಿಗೆ ಕಾಲಿಡಬಾರ್ದು. ನಿಮ್ಮವ್ವನ ಒಂದು ಕೋಳಿ ಸತ್ರೂ ನಾ ಹೆಂಗ ಮುಖ ತೋರಿಸ್ಲಿ?"

"ಮೊದ್ಲ ಹೇಳಾಕ ಏನಾಗಿತ್ತು?"

"ವೈರಸ್ಸು ಅಂದ್ರ ನೀವು ಗೇಟಿಗೂ ಬರಲಿಕ್ಕಿಲ್ಲ ಅಂತ ಹೆದರಿದ್ದೆ..."

"ಮತ್ತ ರೇಖಾ?"

"ಅಕಿ ಮನ್ಯಾಗ ಕೋಳಿ ಇಲ್ಲ. ಅಕಿದು ಬ್ಯಾರೆ ಕಡಿ ಮದುವಿ ನಿಶ್ಚಯ ಆಗೈತಿ. ಅಲ್ಲಿ ನಿಮ್ಮ ಮಾತೇ ತೆಗೀತೀನಿ ಅಂತ ನನ್ನ 'ಗೇಟ್ ವಾಚ್‌ಮನ್' ಅಂತ ಕಾಡ್ತಾಳ!"

ಸುಕನ್ಯಾಳಿಗೆ ಅಳು, ನಗು ಒಟ್ಟಿಗೇ ಬಂದವು. 'ಇಷ್ಟು ದಿನ ನಾನು ಯಾರ ಮ್ಯಾಲ ಉರಕೊಂಡೆ?'

ಅಷ್ಟರಲ್ಲಿ ಒಳಗೆ ಫೋನು ರಿಂಗಾಯಿತು.

"ಲೇ ಸುಕನ್ಯಾ, ಕೊಟ್ಟೂರಿನವ್ರು! ಏನಂತ ಹೇಳ್ಲಿ?"

ಎಂದೂ ದನಿ ಎತ್ತದ ಹುಡುಗಿ ಗೇಟು ತೆರೆದು, ತಾನೇ ಹೊರಬಂದು ಕೂಗಿದಳು: "ಬ್ಯಾಡ ಅನ್ನವ್ವಾ! ನನಗ ಈ ಕನಕರಾಜನೇ ಬೇಕು!"

ಎದುರುಮನೆಯ ಕಿಟಕಿ ತೆರೆಯಿತು. ಪಕ್ಕದ ಮನೆಯದೂ...

ಕನಕರಾಜ ತೊದಲಿದ. "ನಾನಿನ್ನೂ... ಕೇಳೇ ಇಲ್ಲಲ್ರೀ..."

"ಕೇಳ್ರಿ ಮತ್ತ," ಸುಕನ್ಯಾ ಕಣ್ಣೊರೆಸಿಕೊಂಡು ಮೆಲ್ಲಗೆ ಅಂದಳು, "ಓಣಿ ಎಲ್ಲಾ ಕಾಯಾಕತ್ತೈತಿ."